ಟ್ರೇಡ್‌ಮಾರ್ಕ್ ಬಗ್ಗೆ ನೀವು ಕೇಳಿದ್ದು: ಹಳೇ ಬಿಲ್ ಬುಕ್ ಎಸೀಬೇಡಿ

ಈ ಸಲ ಬಂದಿರೋ ಪತ್ರಗಳಲ್ಲಿ ಬ್ರ್ಯಾಂಡ್ ಹೆಸರಿನ ಜಗಳಾನೇ ಜಾಸ್ತಿ ಇತ್ತು, ಹಾಗಾಗಿ ಎಲ್ಲಾನೂ ಒಟ್ಟಿಗೆ ತಗೊಂಡಿದ್ದೀನಿ. ಕೇಳಿದವರ ಹೆಸರು, ಅವರ ಬ್ರ್ಯಾಂಡ್ ಹೆಸರು ಎರಡೂ ಹಾಕಿಲ್ಲ, ಕೆಲವರ ತಕರಾರು ಈಗ್ಲೂ ನಡೀತಾ ಇದೆ.

ಪ್ರಶ್ನೆ: ಮೇಡಂ ನಮಸ್ತೆ. ನಾವಿರೋದು ಡೊಂಬಿವಲಿ, ಊರು ಕುಂದಾಪುರದ ಹತ್ರ. ನಮ್ಮ ಅತ್ತೆ 2014ರಿಂದ ಮನೇಲೇ ಸಾರಿನ ಪುಡಿ, ಹುಳಿ ಪುಡಿ, ಕೋಳಿ ಮಸಾಲೆ ಮಾಡಿ ಮಾರ್ತಾ ಇದ್ದಾರೆ, ಈಗ ನಾನೂ ಸೇರ್ಕೊಂಡಿದ್ದೀನಿ, ಥಾಣೆ ಮುಲುಂಡ್ ಕಡೆ ಅಂಗಡಿಗಳಿಗೂ ನಮ್ಮ ಪ್ಯಾಕೆಟ್ ಹೋಗುತ್ತೆ. ಗುಮಾಸ್ತಾ (ಅಂಗಡಿ, ವ್ಯಾಪಾರದ ಲೈಸೆನ್ಸ್) ಇದೆ, ಫುಡ್ ಲೈಸೆನ್ಸ್ ಇದೆ, ಜಿಎಸ್‌ಟಿ ಇದೆ. ಈಗ ವಸಾಯಿ ಕಡೆಯವರೊಬ್ರು ನಮ್ಮದೇ ಹೆಸರಿಗೆ ಒಂದು ಅಕ್ಷರ ಜಾಸ್ತಿ ಸೇರಿಸಿ, ಅದೇ ಕೆಂಪು ಹಳದಿ ಪ್ಯಾಕೆಟ್ ಮಾಡಿ ಮಾರ್ತಿದ್ದಾರೆ. ಕೇಳಿದ್ರೆ ನಾನು ಟಿಎಂ ಹಾಕಿದ್ದೀನಿ, ನೀವೇ ಹೆಸರು ಬದಲಾಯಿಸಿ ಅಂತಾರೆ. ಅತ್ತೆಗೆ ರಾತ್ರಿ ನಿದ್ದೆ ಇಲ್ಲ. ನಿಜವಾಗ್ಲೂ ಹೆಸರು ಬಿಡಬೇಕಾ?

ಉತ್ತರ: ಬಿಡಬೇಡಿ. ಮೊದ್ಲು ಅತ್ತೆಯವರಿಗೆ ಇಷ್ಟು ಹೇಳಿ: ಟಿಎಂ ಹಾಕೋದು ಅಂದ್ರೆ ಟ್ರೇಡ್‌ಮಾರ್ಕಿಗೆ, ಅಂದ್ರೆ ಬ್ರ್ಯಾಂಡ್ ಹೆಸರಿನ ನೋಂದಣಿಗೆ, ಅರ್ಜಿ ಹಾಕೋದು ಅಷ್ಟೆ, ಫೀಸ್ ಕಟ್ಟಿ ಯಾರು ಬೇಕಾದ್ರೂ ಯಾವ ಹೆಸರಿಗೆ ಬೇಕಾದ್ರೂ ಅರ್ಜಿ ಹಾಕಬಹುದು, ಹಾಕಿದ ಮಾತ್ರಕ್ಕೆ ಹೆಸರು ಅವರದಾಗಲ್ಲ. ಆದ್ರೆ ನಿಮ್ಮ ಕಡೆಯಿಂದಲೂ ಒಂದು ವಿಷಯ ತಿಳ್ಕೊಳ್ಳಿ, ಗುಮಾಸ್ತಾ, ಫುಡ್ ಲೈಸೆನ್ಸ್, ಜಿಎಸ್‌ಟಿ ಇವು ಯಾವುದೂ ಹೆಸರಿಗೆ ರಕ್ಷಣೆ ಕೊಡಲ್ಲ, ಅವೆಲ್ಲ ವ್ಯಾಪಾರ ಮಾಡೋಕೆ ಬೇಕಾದ ಕಾಗದ. ಇಲ್ಲಿ ನಮ್ಮವರು ತುಂಬಾ ಜನ ಗುಮಾಸ್ತಾದಲ್ಲಿ ಹೆಸರು ಬಂತಲ್ಲ ಸಾಕು ಅಂತ ಕೂತಿರ್ತಾರೆ. ಸಾಕಾಗಲ್ಲ. ಹಾಗಂತ ವೇಸ್ಟೂ ಅಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಇವತ್ತೇ ಮಾಡೋ ಕೆಲಸ ಒಂದಿದೆ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಸರ್ಕಾರಿ ವೆಬ್‌ಸೈಟಲ್ಲಿ ಪಬ್ಲಿಕ್ ಸರ್ಚ್ ಅಂತ ಇದೆ, ದುಡ್ಡು ಕೊಡಬೇಕಿಲ್ಲ. ಕ್ಲಾಸ್ ಅಂದ್ರೆ ಮಾಲಿನ ವರ್ಗ, ಅಲ್ಲಿ ಕ್ಲಾಸ್ 30 ಅಂತ ಹಾಕಿ, ಮಸಾಲೆ ಪುಡಿ ಅದರಲ್ಲೇ ಬರೋದು, ಹೆಸರನ್ನ ಹಾಗೇ ಒಂದ್ಸಲ ಹುಡುಕಿ, ಆಮೇಲೆ ಫೊನೆಟಿಕ್ (ಉಚ್ಚಾರಣೆ ಪ್ರಕಾರ) ಅನ್ನೋದನ್ನ ಆರಿಸ್ಕೊಂಡು ಇನ್ನೊಂದ್ಸಲ ಹುಡುಕಿ, ಒಂದು ಅಕ್ಷರ ಹೆಚ್ಚು ಕಮ್ಮಿ ಮಾಡಿದ್ರೂ ಅದರಲ್ಲಿ ಸಿಗುತ್ತೆ. ಅವರ ಅರ್ಜಿ ಸಿಕ್ಕಿದ್ರೆ ಅದರ ಸ್ಟೇಟಸ್ ನೋಡಿ, ನೀವು ಮುಂದೇನು ಮಾಡಬೇಕು ಅನ್ನೋದು ಆ ಒಂದು ಸಾಲಿನ ಮೇಲೇ ನಿಂತಿದೆ. ಆಬ್ಜೆಕ್ಟೆಡ್ ಅಂತಿದ್ರೆ ರಿಜಿಸ್ಟ್ರಿಯವರೇ ಅವರಿಗೆ ಆಕ್ಷೇಪ ಎತ್ತಿದ್ದಾರೆ, ಇನ್ನೂ ಸಮಯ ಇದೆ. ಆಕ್ಸೆಪ್ಟೆಡ್ ಅಂಡ್ ಅಡ್ವರ್ಟೈಸ್ಡ್ ಅಂತಿದ್ರೆ ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟ ಆಗಿದೆ, ಆ ತಾರೀಕಿನಿಂದ ನಾಲ್ಕು ತಿಂಗಳೊಳಗೆ ನೀವು ಟಿಎಂ-ಒ ಫಾರ್ಮ್‌ನಲ್ಲಿ ವಿರೋಧ ಹಾಕಬೇಕು, ಆನ್‌ಲೈನಲ್ಲಿ ಒಂದು ಕ್ಲಾಸಿಗೆ 2,700 ರೂಪಾಯಿ. ಈ ನಾಲ್ಕು ತಿಂಗಳು ಒಂದು ದಿನಾನೂ ಮುಂದೆ ಹೋಗಲ್ಲ. ಜರ್ನಲ್ ಪ್ರತಿ ಸೋಮವಾರ ಬರುತ್ತೆ, ಬ್ರ್ಯಾಂಡ್ ಇರೋರು ಆಗಾಗ ನೋಡೋ ಅಭ್ಯಾಸ ಇಟ್ಕೊಳ್ಳಲೇಬೇಕು ಅಂತ ನಾನು ಎಲ್ಲರಿಗೂ ಹೇಳ್ತೀನಿ. ಇನ್ನು ರಿಜಿಸ್ಟರ್ಡ್ ಅಂತಾನೇ ಇದ್ರೂ ಕತೆ ಮುಗೀಲಿಲ್ಲ, ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 57ರಲ್ಲಿ ಅದನ್ನ ರದ್ದು ಮಾಡಿಸೋಕೆ ರಿಜಿಸ್ಟ್ರಾರ್ ಹತ್ರಾನೋ ಹೈಕೋರ್ಟಿಗೋ ಹೋಗಬಹುದು.

ಈಗ ಮುಖ್ಯ ವಿಷಯ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೇಲಿ ಮೊದಲು ಅರ್ಜಿ ಹಾಕಿದವರಿಗಿಂತ ಮೊದಲು ಬಳಸಿದವರಿಗೆ ಹೆಚ್ಚು ಬಲ. ಸೆಕ್ಷನ್ 34 ಅದನ್ನೇ ಹೇಳೋದು: ಅವರು ಬಳಸೋಕೆ ಶುರು ಮಾಡಿದ ದಿನ, ಅವರ ರಿಜಿಸ್ಟ್ರೇಶನ್ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತಾನೂ ಮುಂಚಿನಿಂದ ನೀವು ಬಿಡದೆ ಬಳಸ್ತಾ ಬಂದಿದ್ರೆ ನಿಮ್ಮನ್ನ ಅವರು ತಡೆಯೋಕಾಗಲ್ಲ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವ ಅಂತ ಕೇಳಿರಬಹುದು, ಆ ಹೆಸರಿನ ಕೇಸ್ ಸುಪ್ರೀಂ ಕೋರ್ಟ್ ತನಕ ಹೋಗಿ 2015ರಲ್ಲಿ ತೀರ್ಪು ಬಂತು, ರಿಜಿಸ್ಟ್ರೇಶನ್ ಕೈಯಲ್ಲಿದ್ರೂ ಮೊದಲಿಂದ ಬಳಸ್ತಿರೋರ ಹಕ್ಕೇ ದೊಡ್ಡದು ಅಂತ ಕೋರ್ಟ್ ಸ್ಪಷ್ಟವಾಗಿ ಹೇಳ್ತು.

ಆದ್ರೆ 2014ರಿಂದ ಅಂತ ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ, ಕಾಗದ ಬೇಕು. ಕೆಲವು ಮನೆಗಳಲ್ಲಿ ದೀಪಾವಳಿ ಕ್ಲೀನಿಂಗ್ ಹೊತ್ತಿಗೆ ಹಳೇ ಬಿಲ್ ಬುಕ್ಕೆಲ್ಲ ರದ್ದಿಗೆ ಹಾಕ್ತಾರೆ, ನನಗೆ ಅದು ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಅತ್ತೆಯವರ ಹತ್ರ ಕೂತು ಹುಡುಕಿ. ಮೊದಲ ಸಲ ಪೌಚ್ ಪ್ರಿಂಟ್ ಮಾಡಿಸಿದ ಪ್ರೆಸ್ಸಿನವರ ಬಿಲ್ ಸಿಕ್ರೆ ಚಿನ್ನ ಸಿಕ್ಕ ಹಾಗೆ, ಅದರಲ್ಲಿ ಬ್ರ್ಯಾಂಡ್ ಹೆಸರು ಬರೆದಿರುತ್ತೆ, ಎಷ್ಟು ಪೌಚ್ ಅಂತಿರುತ್ತೆ, ತಾರೀಕೂ ಇರುತ್ತೆ. ಅಂಗಡಿಯವರಿಗೆ ಕೊಟ್ಟ ಬಿಲ್ಲಿನ ಕಾರ್ಬನ್ ಕಾಪಿ, ತಯಾರಿಸಿದ ದಿನ ಇರೋ ಹಳೇ ಪ್ಯಾಕೆಟ್, ಕನ್ನಡ ಸಂಘದ ಸೊವೆನಿಯರ್‌ನಲ್ಲಿ ಜಾಹೀರಾತು ಕೊಟ್ಟಿದ್ರೆ ಆ ಪುಸ್ತಕ, ವಾಟ್ಸಾಪ್‌ನಲ್ಲಿ ಬಂದ ಆರ್ಡರ್, ಬ್ಯಾಂಕ್ ಎಂಟ್ರಿ, ಮತ್ತೆ ಮೇಲೆ ಹೇಳಿದ ಗುಮಾಸ್ತಾ, ಅದು ಬೇಕಾಗೋದು ಇಲ್ಲಿ, ವ್ಯಾಪಾರ ಅಂದಿನಿಂದ ಇತ್ತು ಅನ್ನೋಕೆ ಸಾಕ್ಷಿಯಾಗಿ. ವರ್ಷಕ್ಕೆ ಒಂದೆರಡಾದ್ರೂ ಸಿಗಬೇಕು, ನಡುವೆ ಖಾಲಿ ಬಿಟ್ರೆ ಎದುರಿನ ವಕೀಲರು ಮೊದಲು ಅಲ್ಲೇ ಹಿಡೀತಾರೆ.

ಇಷ್ಟಾದ ಮೇಲೆ ನಿಮ್ಮ ಅರ್ಜೀನೂ ಹಾಕಿ, ತಡ ಮಾಡಬೇಡಿ. ಟಿಎಂ-ಎ ಫಾರ್ಮ್, ಆನ್‌ಲೈನಲ್ಲಿ ಒಬ್ಬ ವ್ಯಕ್ತಿ ಹೆಸರಲ್ಲಾದ್ರೆ ಒಂದು ಕ್ಲಾಸಿಗೆ 4,500, ಕಂಪನಿ ಅಥವಾ ಪಾರ್ಟ್ನರ್‌ಶಿಪ್ ಆದ್ರೆ 9,000, ಅವರ ಹತ್ರ ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆ ಅನ್ನೋ ಸರ್ಕಾರಿ ನೋಂದಣಿ) ಇದ್ರೆ ಅವರಿಗೂ 4,500. ಅರ್ಜಿ ಅತ್ತೆಯವರ ಹೆಸರಲ್ಲೇ ಇರಲಿ, 2014ರಿಂದ ವ್ಯಾಪಾರ ಮಾಡಿದ್ದು ಅವರು, ನಾಳೆ ನಿಮಗೆ ಕೊಡಬೇಕು ಅಂದ್ರೆ ಅಸೈನ್‌ಮೆಂಟ್ ಪತ್ರ ಮಾಡಿದ್ರಾಯ್ತು. ಫಾರ್ಮ್ ತುಂಬೋವಾಗ ಒಂದು ಕಡೆ ತುಂಬಾ ಹುಷಾರಾಗಿರಿ, ಯಾವಾಗಿಂದ ಬಳಸ್ತಿದ್ದೀರಿ ಅಂತ ಕೇಳೋ ಜಾಗದಲ್ಲಿ ಕೆಲವು ಏಜೆಂಟರು ಅಫಿಡವಿಟ್ ರಗಳೆ ಬೇಡ ಅಂತ "ಮುಂದೆ ಬಳಸಲಿದ್ದೇವೆ" ಅನ್ನೋದನ್ನೇ ಒತ್ತಿಬಿಡ್ತಾರೆ. ಹಾಗೆ ಮಾಡಿದ್ರೆ ಇಷ್ಟು ವರ್ಷ ಮಾರಿದ್ದನ್ನ ನೀವೇ ಇಲ್ಲ ಅಂತ ಬರೆದುಕೊಟ್ಟ ಹಾಗಾಗುತ್ತೆ. ಮೊದಲು ಮಾರಿದ ತಾರೀಕು ಹಾಕಿಸಿ, ಯೂಸರ್ ಅಫಿಡವಿಟ್ ಜತೆ ಆ ಬಿಲ್‌ಗಳನ್ನ ಲಗತ್ತಿಸಿ. ಫೈಲ್ ಮಾಡೋ ಮೊದಲು ಡ್ರಾಫ್ಟ್ ನಿಮಗೆ ತೋರಿಸ್ಲೇಬೇಕು ಅಂತ ಪಟ್ಟು ಹಿಡೀರಿ.

ಇನ್ನೊಂದು, ವಸಾಯಿಯವರ ಪ್ಯಾಕೆಟ್ ನಿಮ್ಮ ಡೊಂಬಿವಲಿ ಅಂಗಡೀಲಿ ಸಿಗ್ತಾ ಇದ್ರೆ ಬಿಲ್ ಸಮೇತ ಕೊಂಡು ಇಡಿ. ರಿಜಿಸ್ಟ್ರೇಶನ್ ಇಲ್ದಿದ್ರೂ ಪಾಸಿಂಗ್ ಆಫ್ ಕೇಸ್ ಹಾಕೋ ಹಕ್ಕು ನಿಮಗಿದೆ, ಒಬ್ಬರ ಮಾಲನ್ನ ಇನ್ನೊಬ್ಬರ ಮಾಲು ಅಂತ ನಂಬಿಸಿ ಮಾರೋದರ ವಿರುದ್ಧದ ಕೇಸ್ ಅದು, ಹೆಸರಷ್ಟೇ ಅಲ್ಲ ಆ ಕೆಂಪು ಹಳದಿ ಪ್ಯಾಕೆಟ್ ನಕಲೂ ಅದರಲ್ಲಿ ಲೆಕ್ಕಕ್ಕೆ ಬರುತ್ತೆ. ಮಾಲು ಎಲ್ಲಿ ಮಾರಾಟ ಆಯ್ತು ಅನ್ನೋದಕ್ಕೆ ಆ ಬಿಲ್ ಬೇಕಾಗುತ್ತೆ.

ಪ್ರಶ್ನೆ: ವಕೀಲರೇ, ಸಯನ್‌ನಲ್ಲಿ ನಮ್ಮ ಅಪ್ಪ, ದೊಡ್ಡಪ್ಪ ಸೇರಿ ಪಾರ್ಟ್ನರ್‌ಶಿಪ್‌ನಲ್ಲಿ ಹೋಟೆಲ್ ನಡೆಸ್ತಿದ್ರು, ದೇವರ ಹೆಸರು, ಅದರ ಮುಂದೆ ಉಡುಪಿ. ನಾನು ಖಾರ್ಘರ್‌ನಲ್ಲಿ ಅದೇ ಹೆಸರಲ್ಲಿ ಬ್ರಾಂಚ್ ಹಾಕಿದೆ. ಈಗ ದೊಡ್ಡಪ್ಪನ ಮಗ ಹೆಸರನ್ನ ತನ್ನೊಬ್ಬನ ಹೆಸರಿಗೆ ರಿಜಿಸ್ಟರ್ ಮಾಡ್ಕೊಂಡು ನನ್ನ ಹತ್ರ ತಿಂಗಳಿಗಿಷ್ಟು ರಾಯಲ್ಟಿ ಕೊಡು ಅಂತಿದ್ದಾನೆ. ಅಣ್ಣ ಅಲ್ವಾ ಅಂತ ಸುಮ್ಮನಿದ್ದೀನಿ. ಅವನಿಗೆ ಹಕ್ಕಿದೆಯಾ?

ಉತ್ತರ: ನೀವು ಹೇಳೋದನ್ನ ನೋಡಿದ್ರೆ ಹೆಸರು ಫರ್ಮಿನ ಆಸ್ತಿ, ಫರ್ಮಿನ ಗುಡ್‌ವಿಲ್‌ನಲ್ಲಿ, ಅಂದ್ರೆ ಗಿರಾಕಿಗಳಲ್ಲಿ ಅದು ಗಳಿಸಿದ ಒಳ್ಳೇ ಹೆಸರಲ್ಲಿ, ಅದೂ ಸೇರಿದೆ. ಅರ್ಜಿ ಹಾಕಬೇಕಾದವರು ಆ ಮಾರ್ಕಿನ ಮಾಲೀಕರು, ಅಂದ್ರೆ ಫರ್ಮ್, ಎಲ್ಲ ಪಾರ್ಟ್ನರ್‌ಗಳ ಹೆಸರು ಹಾಕಿ. ಒಬ್ಬರು ತಾವೇ ಮಾಲೀಕರು ಅಂತ ಹೇಳಿ ತಗೊಂಡ ರಿಜಿಸ್ಟ್ರೇಶನನ್ನ ಪ್ರಶ್ನೆ ಮಾಡಬಹುದು. ಆದ್ರೆ ಮೊದ್ಲು ಹಳೇ ಪಾರ್ಟ್ನರ್‌ಶಿಪ್ ಡೀಡ್ ತೆಗೆದು ಓದಿ, ಹೆಸರಿನ ಬಗ್ಗೆ, ಒಬ್ಬರು ಬಿಟ್ಟುಹೋದ್ರೆ ಏನು ಅನ್ನೋದರ ಬಗ್ಗೆ ಏನಾದ್ರೂ ಬರೆದಿದೆಯಾ ನೋಡಿ. ದೊಡ್ಡಪ್ಪ ರಿಟೈರ್ ಆಗೋವಾಗ ಅಥವಾ ಅಪ್ಪ ಬಿಡೋವಾಗ ಸಹಿ ಹಾಕಿದ ಕಾಗದದಲ್ಲಿ ಗುಡ್‌ವಿಲ್ ಯಾರಿಗೆ ಹೋಯ್ತು ಅನ್ನೋ ಒಂದು ಸಾಲು ಇಡೀ ಕೇಸನ್ನೇ ತಿರುಗಿಸಬಹುದು.

ಸುಮ್ಮನಿದ್ದೀನಿ ಅಂದ್ರಲ್ಲ, ಅದೊಂದು ಮಾಡಬೇಡಿ. ರಿಜಿಸ್ಟರ್ ಆದ ಮಾರ್ಕನ್ನ ಅವರು ಬಳಸ್ತಿರೋದು ಗೊತ್ತಿದ್ದೂ ಸತತ ಐದು ವರ್ಷ ಸುಮ್ಮನಿದ್ರೆ ಆಮೇಲೆ ಮೊದಲಿನವರಿಗೂ ಆಕ್ಷೇಪ ಎತ್ತೋದು ಕಷ್ಟ ಆಗುತ್ತೆ, ಸೆಕ್ಷನ್ 33 ಹಾಗಿದೆ. ರಾಯಲ್ಟಿ ಅಂತ ಒಂದು ತಿಂಗಳು ದುಡ್ಡು ಕೊಟ್ರೂ ಹೆಸರು ಅವರದು ಅಂತ ನೀವೇ ಒಪ್ಪಿಕೊಂಡ ಹಾಗೆ. ಹಿರಿಯರು ಇರೋವಾಗ್ಲೇ ಕೂತು ಮಾತಾಡಿ, ರಿಜಿಸ್ಟ್ರೇಶನ್ ಫರ್ಮಿನ ಹೆಸರಿಗೆ ಅಥವಾ ಇಬ್ಬರ ಜಂಟಿ ಹೆಸರಿಗೆ ಬರೋ ಹಾಗೆ ಅಸೈನ್‌ಮೆಂಟ್ ಮಾಡಿಸಿ, ಟಿಎಂ-ಪಿ ಫಾರ್ಮ್‌ನಲ್ಲಿ ರಿಜಿಸ್ಟ್ರಿಯಲ್ಲಿ ದಾಖಲು ಮಾಡಿಸಿ, ಯಾರು ಎಲ್ಲಿ ಬ್ರಾಂಚ್ ಹಾಕಬಹುದು ಅಂತಾನೂ ಬರೆದಿಡಿ. ಒಪ್ಪದಿದ್ರೆ ಸೆಕ್ಷನ್ 57 ಇದ್ದೇ ಇದೆ. ಹೋಟೆಲ್ ಕಟ್ಟಿದ ಇಬ್ಬರು ಅಣ್ಣತಮ್ಮಂದಿರ ಮಕ್ಕಳು ಕೋರ್ಟ್ ಮೆಟ್ಟಿಲು ಹತ್ತೋದು ನೋಡೋಕೆ ಬೇಜಾರು, ನಮ್ಮ ಹೋಟೆಲಿನವರಲ್ಲಿ ಇದು ಮತ್ತೆ ಮತ್ತೆ ಆಗ್ತಿದೆ.

ಉಡುಪಿ ಅನ್ನೋ ಪದ ನಿಮಗೂ ಇಲ್ಲ, ಅವರಿಗೂ ಇಲ್ಲ. ಊರಿನ ಹೆಸರು, ಅಡುಗೆ ಯಾವ ಥರದ್ದು ಅಂತ ಹೇಳೋ ಪದ, ಸೆಕ್ಷನ್ 9ರ ಪ್ರಕಾರ ಒಬ್ಬರ ಸ್ವಂತ ಆಗೋ ಥರದ್ದಲ್ಲ. ಇಡೀ ಬೋರ್ಡ್ ರಿಜಿಸ್ಟರ್ ಆಗಿದ್ರೂ ಸೆಕ್ಷನ್ 17ರ ಪ್ರಕಾರ ಅದರೊಳಗಿನ ಇಂಥ ಸಾಮಾನ್ಯ ಪದದ ಮೇಲೆ ಪ್ರತ್ಯೇಕ ಹಕ್ಕು ಸಿಗಲ್ಲ. ಹೋಟೆಲಿಗೆ ಕ್ಲಾಸ್ 43 ಅನ್ನೋದು ನೆನಪಿರಲಿ, ನೀವು ಹೋಟೆಲ್ ಹೆಸರಲ್ಲೇ ಇಡ್ಲಿ ಹಿಟ್ಟು ಪ್ಯಾಕ್ ಮಾಡಿ ಮಾರ್ತೀರಾದ್ರೆ ಕ್ಲಾಸ್ 30ರಲ್ಲೂ ಹಾಕಬೇಕು.

ಪ್ರಶ್ನೆ: ನಮಸ್ಕಾರ್ರೀ ಮೇಡಮ್ಮಾರ. ನಾವು ಧಾರವಾಡ ಕಡೆಯವ್ರು, ಪುಣೇದಾಗ ಕೋಥ್ರೂಡದಾಗ ಸ್ವೀಟ್ ಅಂಗಡಿ ಇಟ್ಟೇವ್ರಿ. ಪೇಡೆ ಇಲ್ಲೇ ಮಾಡ್ತೇವಿ. ಬೋರ್ಡಿನ ಮ್ಯಾಲೆ ಧಾರವಾಡ ಪೇಡೆ ಅಂತ ದೊಡ್ಡದಾಗಿ ಬರಸೇವಿ, ಈಗ ಬಾಜೂ ಅಂಗಡಿಯಂವನೂ ಅದನ್ನ ಬರಸ್ಯಾನ. ಆ ಹೆಸರು ನಾವ ರಜಿಸ್ಟರ್ ಮಾಡಿಸಿ ಅವನ್ನ ನಿಂದ್ರಸಬಹುದೇನ್ರಿ?

ಉತ್ತರ: ಇಲ್ಲ ಅಣ್ಣಾ, ಆಗಲ್ಲ, ಬದಲಿಗೆ ನಿಮ್ಮ ಬೋರ್ಡಿಗೇ ತೊಂದರೆ ಬರಬಹುದು. ಧಾರವಾಡ ಪೇಡೆಗೆ ಜಿಐ ಟ್ಯಾಗ್ ಇದೆ, ಅಂದ್ರೆ ಭೌಗೋಳಿಕ ಗುರುತು. ಅದು ಟ್ರೇಡ್‌ಮಾರ್ಕ್ ಅಲ್ಲ, ಬೇರೆ ಕಾಯ್ದೆ, ಅದೂ 1999ರದ್ದೇ, ಅದರ ರಿಜಿಸ್ಟ್ರಿ ಇರೋದು ಚೆನ್ನೈಯಲ್ಲಿ. ಟ್ರೇಡ್‌ಮಾರ್ಕ್ ಒಬ್ಬರದು, ಜಿಐ ಆ ಊರಲ್ಲಿ ಆ ಪದಾರ್ಥ ಮಾಡೋ ಎಲ್ಲರದೂ, ಅವರು ಅಧಿಕೃತ ಬಳಕೆದಾರರು ಅಂತ ನೋಂದಾಯಿಸ್ಕೊಂಡು ಆ ಹೆಸರು ಹಾಕ್ತಾರೆ. ನೀವು ಪುಣೇದಾಗ ಮಾಡಿದ ಪೇಡೆಗೆ ಧಾರವಾಡ ಪೇಡೆ ಅಂತ ಹೆಸರಿಟ್ರೆ ಗಿರಾಕಿ ಅದು ಧಾರವಾಡದಿಂದ ಬಂದದ್ದು ಅಂತ ತಿಳ್ಕೊಳ್ತಾನೆ, ಅದನ್ನೇ ಕಾಯ್ದೆ ಬೇಡ ಅನ್ನೋದು. ಬಾಜೂ ಅಂಗಡಿಯವರಿಗೂ ಇದೇ ಅನ್ವಯ.

ನಿಮ್ಮ ಕೈರುಚಿಗೆ ಪುಣೆಯವರು ಬರ್ತಾರಂದ್ರೆ ನಿಮ್ಮದೇ ಒಂದು ಹೆಸರಿಡಿ, ಮನೆತನದ್ದೋ, ನೀವೇ ಕಟ್ಟಿದ ಹೊಸ ಪದಾನೋ, ಅದನ್ನ ಕ್ಲಾಸ್ 30ರಲ್ಲಿ ರಿಜಿಸ್ಟರ್ ಮಾಡಿಸಿ. ಪದಾರ್ಥ ಏನು, ಹೇಗಿದೆ ಅಂತ ಹೇಳೋ ಹೆಸರು, ಶುದ್ಧ ಪೇಡೆ, ಸವಿ ಪೇಡೆ ಇಂಥವು, ಗಿರಾಕಿಗೆ ಬೇಗ ತಿಳಿಯುತ್ತೆ ಅಂತ ಎಲ್ಲರೂ ಇಡ್ತಾರೆ, ರಿಜಿಸ್ಟ್ರಿಯಲ್ಲಿ ಮೊದಲು ಬೀಳೋದೂ ಅವೇ. ಅರ್ಥವೇ ಇಲ್ಲದ, ಅಥವಾ ಪೇಡೆಗೂ ಅದಕ್ಕೂ ಸಂಬಂಧ ಇಲ್ಲದ ಹೆಸರೇ ಗಟ್ಟಿ. ಊರಿಂದಲೇ ಅಧಿಕೃತ ಬಳಕೆದಾರರ ಪೇಡೆ ತರಿಸಿ ಮಾರ್ತೀರಾದ್ರೆ ಆ ಡಬ್ಬಿ ಮೇಲಿನ ಧಾರವಾಡ ಪೇಡೆ ಅನ್ನೋ ಹೆಸರಿಗೆ ಯಾರ ತಕರಾರೂ ಇರಲ್ಲ.

ಪ್ರಶ್ನೆ: ವಾಸ್ಕೋದಲ್ಲಿ ನನ್ನದು ಅಗರಬತ್ತಿ, ಧೂಪದ ಸಣ್ಣ ವ್ಯಾಪಾರ. 2022ರಲ್ಲಿ ಒಬ್ಬ ಏಜೆಂಟ್‌ಗೆ ದುಡ್ಡು ಕೊಟ್ಟು ಟ್ರೇಡ್‌ಮಾರ್ಕ್ ಹಾಕಿಸಿದ್ದೆ, ಹೆಸರು ಒಂದು ದೇವಿಯದು. ಮೊನ್ನೆ ನೋಡಿದ್ರೆ ಅಬಾಂಡನ್ಡ್ ಅಂತ ತೋರಿಸ್ತಿದೆ. ಏಜೆಂಟ್ ಫೋನ್ ಎತ್ತಲ್ಲ. ದುಡ್ಡೂ ಹೋಯ್ತು ಹೆಸರೂ ಹೋಯ್ತಾ?

ಉತ್ತರ: ಫೀಸ್ ವಾಪಸ್ ಬರಲ್ಲ, ಹೆಸರು ಹೋಗಿಲ್ಲ. ಏನಾಗಿರುತ್ತೆ ಅಂದ್ರೆ, ರಿಜಿಸ್ಟ್ರಿಯವರು ಅರ್ಜಿ ನೋಡಿ ತಮ್ಮ ಆಕ್ಷೇಪ ಬರೆದ ಪರೀಕ್ಷಾ ವರದಿ ಕಳಿಸಿರ್ತಾರೆ, ಅದಕ್ಕೆ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು, ಕೊಡದಿದ್ರೆ ಅರ್ಜಿ ಕೈಬಿಟ್ಟ ಹಾಗೆ ಲೆಕ್ಕ. ಆ ವರದಿ ಫಾರ್ಮ್‌ನಲ್ಲಿ ಕೊಟ್ಟ ಇಮೇಲ್‌ಗೆ ಬರೋದು, ನಿಯಮದ ಪ್ರಕಾರ ಮೇಲ್ ಕಳಿಸಿದ್ರೆ ತಲುಪಿದ ಹಾಗೆ, ಅದು ಏಜೆಂಟಿನ ಇಮೇಲ್ ಆಗಿದ್ರೆ ನಿಮಗೆ ಗೊತ್ತೇ ಆಗಲ್ಲ. ಹೊಸ ಅರ್ಜಿ ಹಾಕಿ, ಈ ಸಲ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ಇರಲಿ. ಹಳೇ ಅರ್ಜಿ ತಾರೀಕು ಸಿಗಲ್ಲ, ಆದ್ರೆ ಮಾರಾಟ ಶುರು ಮಾಡಿದ ತಾರೀಕನ್ನ ಹಾಕಬಹುದು, ಬಿಲ್ ಇದ್ರೆ. ಏಜೆಂಟ್ ಬೇಕೇ ಬೇಕು ಅಂತ ಕಾನೂನಿಲ್ಲ, ನೀವೇ ಹಾಕಬಹುದು. ಗೋವಾದ ಅರ್ಜಿಗಳು ಮುಂಬೈ ಆಫೀಸಿಗೆ ಬರ್ತವೆ, ಅಂಟಾಪ್ ಹಿಲ್‌ನಲ್ಲಿದೆ, ಆದ್ರೆ ಅಲ್ಲಿಗೆ ಓಡಾಡಬೇಕಿಲ್ಲ, ಫೈಲಿಂಗ್ ಆನ್‌ಲೈನ್, ಹಿಯರಿಂಗ್ ವಿಡಿಯೋದಲ್ಲಿ.

ದೇವಿ ಹೆಸರಿನ ಬಗ್ಗೆ ಒಂದು ಮಾತು. ಅಗರಬತ್ತಿಗೆ ರಾಮಾಯಣ ಅನ್ನೋ ಹೆಸರು ಬೇಕು ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ರು, 2015ರಲ್ಲಿ ಕೋರ್ಟ್ ಧರ್ಮಗ್ರಂಥದ ಹೆಸರನ್ನ ಒಬ್ಬರಿಗೇ ಬಿಟ್ಟುಕೊಡೋಕಾಗಲ್ಲ ಅಂತು. ದೇವರ ಹೆಸರು ಬರೀ ಅದೊಂದೇ ಇದ್ರೆ ಅಗರಬತ್ತೀಲಂತೂ ನೂರು ಜನ ಇಟ್ಟಿರ್ತಾರೆ, ಆಕ್ಷೇಪ ಬಂದೇ ಬರುತ್ತೆ. ಜತೆಗೆ ನಿಮ್ಮದೇ ಆದ ಇನ್ನೊಂದು ಪದ ಸೇರಿಸಿ, ಲೇಬಲ್ ಸಮೇತ ಹಾಕಿ.

ಪ್ರಶ್ನೆ: ನವಿ ಮುಂಬೈಯಲ್ಲಿ ನನ್ನ ಟಿಫಿನ್ ಸೆಂಟರ್ ಇದೆ. ಅದೇ ಹೆಸರಿನ ಅಡುಗೆ ಎಣ್ಣೆ ಕಂಪನಿಯೊಂದರ ವಕೀಲರಿಂದ ನೋಟಿಸ್ ಬಂದಿದೆ, ಹದಿನೈದು ದಿನದಲ್ಲಿ ಬೋರ್ಡ್ ತೆಗೀಬೇಕಂತೆ. ತುಂಬಾ ಭಯ ಆಗಿದೆ.

ಉತ್ತರ: ನೋಟಿಸ್ ಕೋರ್ಟ್ ಆರ್ಡರ್ ಅಲ್ಲ, ಭಯ ಬೇಡ, ಆದ್ರೆ ಉತ್ತರ ಕೊಡದೆ ಬಿಡಬೇಡಿ. ಕ್ಲಾಸ್ ಬೇರೆ ಇದ್ದ ಮಾತ್ರಕ್ಕೆ ನೀವು ಸೇಫ್ ಅಂತಾನೂ ಇಲ್ಲ, ಹೆಸರು ಒಂದೇ ಇದ್ದ ಮಾತ್ರಕ್ಕೆ ಅವರು ಗೆದ್ರು ಅಂತಾನೂ ಇಲ್ಲ. ನಮ್ಮ ಕರ್ನಾಟಕದ್ದೇ ಉದಾಹರಣೆ ನೋಡಿ, ಕೆಎಂಎಫ್‌ನವರು 1985ರಿಂದ ನಂದಿನಿ ಹೆಸರಲ್ಲಿ ಹಾಲು ಮಾರ್ತಿದ್ದಾರೆ, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಅದೇ ಹೆಸರು ಬಳಸ್ತಿದ್ದಾರೆ, ಕೇಸ್ ಸುಪ್ರೀಂ ಕೋರ್ಟಿಗೆ ಹೋಯ್ತು. 2018ರ ಜುಲೈನಲ್ಲಿ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಡ್ತು: ಎರಡರ ಲೋಗೋ ನೋಡೋಕೆ ಬೇರೆ, ಮಾಲು ಬೇರೆ, ನಂದಿನಿ ಅನ್ನೋದು ದೇವತೆಯ, ಹಸುವಿನ ಹೆಸರು, ಯಾರೋ ಹೊಸದಾಗಿ ಕಟ್ಟಿದ ಪದ ಅಲ್ಲ ಅಂತ. ಹಾಲು, ಹಾಲಿನ ಪದಾರ್ಥಕ್ಕೆ ಮಾತ್ರ ಹೋಟೆಲಿನವರು ಆ ಹೆಸರು ಬಳಸೋ ಹಾಗಿಲ್ಲ ಅಂತಾಯ್ತು.

ನಿಮ್ಮದರಲ್ಲೂ ನೋಡಬೇಕಾದ್ದು ಇದೇ. ಆ ಹೆಸರು ಸಾಮಾನ್ಯ ಪದವಾ, ಇಲ್ಲ ಅವರೇ ಸೃಷ್ಟಿ ಮಾಡಿದ್ದಾ? ದೇಶಕ್ಕೆಲ್ಲ ಗೊತ್ತಿರೋ ಅಷ್ಟು ದೊಡ್ಡ ಬ್ರ್ಯಾಂಡಾ? ನಿಮ್ಮ ಬೋರ್ಡಿನ ಬಣ್ಣ, ಅಕ್ಷರ ಅವರ ಡಬ್ಬಿ ಥರಾನೇ ಇದೆಯಾ? ಅವರದು ನಿಜಕ್ಕೂ ತುಂಬಾ ಹೆಸರುವಾಸಿಯಾದ, ಅವರೇ ಕಟ್ಟಿದ ಪದ ಆಗಿದ್ರೆ ಸೆಕ್ಷನ್ 29ರ ಪ್ರಕಾರ ಬೇರೆ ಮಾಲಿಗೂ ಅವರು ತಡೆ ತರಬಹುದು, ಅಂಥ ಸಂದರ್ಭದಲ್ಲಿ ಹೆಸರು ಬದಲಾಯಿಸೋಕೆ ಟೈಮ್ ಕೇಳಿ ಮುಗಿಸೋದೇ ಒಳ್ಳೇದು. ಹಾಗಿಲ್ಲ ಅಂದ್ರೆ ಯಾವಾಗಿಂದ ಬಳಸ್ತಿದ್ದೀರಿ ಅನ್ನೋ ಸಾಕ್ಷಿ ಸಮೇತ ಖಡಕ್ ಉತ್ತರ ಕಳಿಸಿ.

ಕೆಲವು ಚಿಕ್ಕ ಪ್ರಶ್ನೆಗಳು

ಕನ್ನಡ ಅಕ್ಷರದಲ್ಲೇ ಬ್ರ್ಯಾಂಡ್ ರಿಜಿಸ್ಟರ್ ಮಾಡಿಸಬಹುದಾ ಅಂತ ಬೋರಿವಲಿಯವರು ಕೇಳಿದ್ದಾರೆ. ಖಂಡಿತ ಮಾಡಿಸಬಹುದು, ಉಚ್ಚಾರಣೆ ಮತ್ತೆ ಅರ್ಥ ಎರಡನ್ನೂ ಇಂಗ್ಲಿಷ್ ಅಥವಾ ಹಿಂದೀಲಿ ಫಾರ್ಮ್‌ನಲ್ಲಿ ಬರೀಬೇಕು. ಆದ್ರೆ ನನ್ನ ಸಲಹೆ, ಒಂದಕ್ಕೇ ದುಡ್ಡಿರೋದಾದ್ರೆ ಲೋಗೋ ಬಿಟ್ಟು ಮೊದಲು ಬರೀ ಹೆಸರನ್ನ ವರ್ಡ್‌ಮಾರ್ಕ್ ಆಗಿ ಹಾಕಿ, ನಾಳೆ ಲೋಗೋ ಬದಲಾದ್ರೂ ಅದು ಉಳಿಯುತ್ತೆ.

ಟಿಎಂ ಅಂತ ಹಾಕೋದಕ್ಕೂ ವೃತ್ತದೊಳಗೆ ಆರ್ ಹಾಕೋದಕ್ಕೂ ಏನು ವ್ಯತ್ಯಾಸ ಅಂತ ಇನ್ನೊಬ್ಬರು. ಟಿಎಂ ಯಾರು ಬೇಕಾದ್ರೂ ಹಾಕಬಹುದು. ಆರ್ ರಿಜಿಸ್ಟ್ರೇಶನ್ ಆದ ಮೇಲೇ ಹಾಕಬೇಕು, ಆಗದೆ ಹಾಕೋದು ಸೆಕ್ಷನ್ 107ರಲ್ಲಿ ತಪ್ಪು. ಅರ್ಜಿ ಹಾಕಿದ ಮಾರನೇ ದಿನಾನೇ ಪ್ಯಾಕೆಟ್ ಮೇಲೆ ಆರ್ ಪ್ರಿಂಟ್ ಮಾಡಿಸೋರಿದ್ದಾರೆ, ದಯವಿಟ್ಟು ಬೇಡ.

ಇಲ್ಲಿನ ರಿಜಿಸ್ಟ್ರೇಶನ್ ದುಬೈಯಲ್ಲಿ ನಡೆಯುತ್ತಾ? ಇಲ್ಲ, ಆಯಾ ದೇಶಕ್ಕೆ ಅದು ಅಷ್ಟೆ. ಭಾರತ 2013ರಲ್ಲಿ ಮ್ಯಾಡ್ರಿಡ್ ಪ್ರೊಟೊಕಾಲ್ ಸೇರಿದೆ, ಆ ಒಪ್ಪಂದದಲ್ಲಿರೋ ದೇಶಗಳಿಗೆ ಇಲ್ಲಿಂದಲೇ ಒಂದೇ ಅರ್ಜಿ ಹಾಕಬಹುದು, ಅದಕ್ಕೆ ಮೊದಲು ಇಲ್ಲಿ ನಿಮ್ಮ ಅರ್ಜಿ ಅಥವಾ ರಿಜಿಸ್ಟ್ರೇಶನ್ ಇರಬೇಕು.

ರಿಜಿಸ್ಟ್ರೇಶನ್ ಎಷ್ಟು ವರ್ಷ ಅಂತ ಥಾಣೆಯವರು. ಹತ್ತು ವರ್ಷ, ಸರ್ಟಿಫಿಕೇಟ್ ಬಂದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ. ಮುಗಿಯೋ ಮೊದಲಿನ ಒಂದು ವರ್ಷದಲ್ಲಿ ಟಿಎಂ-ಆರ್ ಹಾಕಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಬಹುದು, ಆನ್‌ಲೈನಲ್ಲಿ ಒಂದು ಕ್ಲಾಸಿಗೆ 9,000, ಹೀಗೆ ಎಷ್ಟು ಸಲ ಬೇಕಾದ್ರೂ. ತಪ್ಪಿಹೋದ್ರೆ ಇನ್ನಾರು ತಿಂಗಳು 4,500 ಜಾಸ್ತಿ ಕಟ್ಟಿ ಮಾಡಬಹುದು. ರಿನ್ಯೂವಲ್ ಒಂದೇ ಮಾಡ್ತಾ ಹೆಸರನ್ನ ಬಳಸದೇ ಇಟ್ರೂ ಆಗಲ್ಲ, ಐದು ವರ್ಷ ಮೂರು ತಿಂಗಳು ಬಳಕೆ ಇಲ್ಲ ಅಂದ್ರೆ ಬೇರೆಯವರು ಸೆಕ್ಷನ್ 47ರಲ್ಲಿ ತೆಗೆಸಿಹಾಕಬಹುದು, ಆಗ್ಲೂ ನಿಮ್ಮನ್ನ ಕೇಳೋದು ಬಿಲ್ಲೇ.